ಗಲಾಟೆ ಇರುವ ಸಮುದ್ರ, ಖಾಸಗಿ ದೋಣಿ: ಹೊರಡುವ ಮುಂಚೆ ಏನೇನು ಯೋಚಿಸಬೇಕು?

ಅಲೆಗಾಳಿ:
ಎಲ್ಲರಿಗೂ ನಮಸ್ಕಾರ. ಒಂದು ವಿಷಯಕ್ಕೆ ಸಲಹೆ ಬೇಕು. ಪರಿಚಯದವರೊಬ್ಬರು ಥಾಯ್ಲೆಂಡಿನ ಫುಕೆಟ್‌ನಲ್ಲಿ 42 ಅಡಿಯ ಹಾಯಿದೋಣಿ ಕೊಂಡಿದ್ದಾರೆ. ಅದನ್ನು ಟರ್ಕಿಗೆ ತಲುಪಿಸಬೇಕು. ಸ್ಕಿಪ್ಪರ್ (ದೋಣಿಯ ನಾಯಕ) ಸೇರಿ ಮೂರು ಜನ, ಅದರಲ್ಲಿ ನಾನೂ ಒಬ್ಬ. ಯೋಚಿಸಿರುವ ದಾರಿ ಮಾಮೂಲಿಯದು: ಶ್ರೀಲಂಕಾ ಇಲ್ಲವೇ ಮಾಲ್ಡೀವ್ಸ್, ಅಲ್ಲಿಂದ ಅರಬ್ಬಿ ಸಮುದ್ರ ದಾಟಿ ಜಿಬೂತಿ, ಬಾಬ್ ಎಲ್ ಮಂದೆಬ್ ಜಲಸಂಧಿ, ಕೆಂಪು ಸಮುದ್ರ, ಸೂಯೆಜ್ ಕಾಲುವೆ. ದೋಣಿ ಓಡಿಸುವುದು ನನಗೆ ಹೊಸದಲ್ಲ. ಆದರೆ ಇಂಥ ನೀರಿಗೆ ಹೋಗಿಲ್ಲ.

ಮಾಲೀಕರು ಹೇಳುವುದು ಇಷ್ಟೇ: "ನಮ್ಮದು ಪುಟ್ಟ ದೋಣಿ. ಸರಕಿಲ್ಲ, ನಾವು ಯಾರ ಪರವೂ ಅಲ್ಲ. ನಮ್ಮನ್ನು ಯಾರು ಕೇಳುತ್ತಾರೆ?" ಇದು ನಿಜಾನಾ? ಯಾರಾದರೂ ಹಿಡಿದರೆ ಕಾನೂನು ನಮ್ಮ ಕಡೆ ಇರುತ್ತಾ? ಇನ್ಶೂರೆನ್ಸ್ ಸಿಗುತ್ತಾ? ತಿಳಿದವರು ಬಿಡಿಸಿ ಹೇಳಿ.

ಹಳೇ ನಾವಿಕ:
ಹೊರಡುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು. ನಾನು ಸರಕು ಹಡಗುಗಳಲ್ಲಿ ಡೆಕ್ ಆಫೀಸರ್ ಆಗಿ ಆ ದಾರಿಯಲ್ಲಿ ಓಡಾಡಿದವನು. ಮಾಲೀಕರ ಮಾತನ್ನು ದಯವಿಟ್ಟು ನಂಬಬೇಡಿ. ದೋಣಿ ಚಿಕ್ಕದಾದಷ್ಟೂ ಅದನ್ನು ಹಿಡಿಯುವುದು ಸುಲಭ. ನಿಧಾನ ಹೋಗುತ್ತದೆ, ನೀರಿನಿಂದ ಡೆಕ್ ಹೆಚ್ಚು ಎತ್ತರ ಇರುವುದಿಲ್ಲ, ಮೂರೇ ಜನ.

2009ರ ಅಕ್ಟೋಬರಿನಲ್ಲಿ ಸೇಶೆಲ್ಸ್‌ನಿಂದ ಹೊರಟ ಬ್ರಿಟಿಷ್ ದಂಪತಿಯನ್ನು ಸೊಮಾಲಿ ಕಡಲ್ಗಳ್ಳರು ಹಿಡಿದರು. ಅವರು ಮನೆಗೆ ಬಂದದ್ದು 2010ರ ನವೆಂಬರಿನಲ್ಲಿ. 2011ರ ಫೆಬ್ರವರಿಯಲ್ಲಿ ಓಮನ್ ಕಡೆ ಹೊರಟಿದ್ದ 'ಕ್ವೆಸ್ಟ್' ಅನ್ನುವ ಹಾಯಿದೋಣಿಯಲ್ಲಿದ್ದ ನಾಲ್ಕು ಅಮೆರಿಕನ್ನರನ್ನೂ ಕೊಂದರು. ಅಮೆರಿಕದ ಯುದ್ಧನೌಕೆಗಳು ಹತ್ತಿರದಲ್ಲೇ ಇದ್ದವು, ಮಾತುಕತೆ ನಡೆಯುತ್ತಿತ್ತು. ಆದರೂ ಉಳಿಸಲು ಆಗಲಿಲ್ಲ.

ಇದು ಹಣಕ್ಕಾಗಿ ಹಿಡಿಯುವವರ ಕಥೆ. ಸಮವಸ್ತ್ರ ಹಾಕಿಕೊಂಡು ಹಿಡಿಯುವವರದ್ದು ಬೇರೆ. 2009ರ ನವೆಂಬರಿನಲ್ಲಿ ಬಹರೇನ್‌ನಿಂದ ದುಬೈಗೆ ರೇಸ್‌ಗೆಂದು ಹೊರಟ ಹಾಯಿದೋಣಿಯೊಂದರ ಪ್ರೊಪೆಲ್ಲರ್ ಕೈಕೊಟ್ಟಿತು. ದೋಣಿ ತೇಲಿಕೊಂಡು ಇರಾನ್ ನೀರಿಗೆ ಹೋಯಿತು. ಅದರಲ್ಲಿದ್ದ ಐದು ಜನ ಬ್ರಿಟಿಷರನ್ನು ಇರಾನಿನವರು ಒಂದು ವಾರ ಇಟ್ಟುಕೊಂಡು, ವಿಚಾರಣೆ ಮಾಡಿ, ಬಿಟ್ಟರು. ಅವರಿಗೆ ಅದೃಷ್ಟ ಇತ್ತು ಅಂತಲೇ ಹೇಳಬೇಕು.

ನಾನು ಎಲ್ಲರಿಗೂ ಹೇಳುವುದು ಇದೇ. ದಾರಿ ಹಾಕುವಾಗ "ನಾವು ಎಲ್ಲಿಗೆ ಹೋಗುತ್ತೇವೆ" ಅಂತ ಮಾತ್ರ ನೋಡಬೇಡಿ. "ಇಲ್ಲಿ ಎಂಜಿನ್ ನಿಂತರೆ, ಗಾಳಿಯೂ ಬಿದ್ದರೆ, ನೀರು ನಮ್ಮನ್ನು ಎಲ್ಲಿಗೆ ಒಯ್ಯುತ್ತದೆ" ಅಂತ ನೋಡಿ. 2 ನಾಟ್ ಸೆಳೆತ ಸಾಕು, 6 ಗಂಟೆಯಲ್ಲಿ 12 ನಾಟಿಕಲ್ ಮೈಲಿ ಹೋಗಿಬಿಡುತ್ತೀರಿ. ನೀವು ಮಲಗಿ ಏಳುವಷ್ಟರಲ್ಲಿ ಬೇರೆ ದೇಶದ ಮನೆಬಾಗಿಲಲ್ಲಿ ಇರುತ್ತೀರಿ.

ನಕ್ಷೆಪ್ರಿಯೆ:
ಹಳೇ ನಾವಿಕ ಸರ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. 12 ನಾಟಿಕಲ್ ಮೈಲಿ ಅಂದರೆ ಸುಮಾರು 22 ಕಿಲೋಮೀಟರ್. ತೀರದಿಂದ ಅಷ್ಟು ದೂರದವರೆಗೆ ಆ ದೇಶದ ಪ್ರಾದೇಶಿಕ ಸಮುದ್ರ. ಹೊರ್ಮುಜ್ ಜಲಸಂಧಿಯ ಅತಿ ಕಿರಿದಾದ ಕಡೆ ಅಗಲ ಸುಮಾರು 21 ನಾಟಿಕಲ್ ಮೈಲಿ. ಲೆಕ್ಕ ಹಾಕಿ ನೋಡಿ. ಈ ಕಡೆ ಓಮನ್, ಆ ಕಡೆ ಇರಾನ್, ಮಧ್ಯೆ ಯಾರಿಗೂ ಸೇರದ ನೀರು ಒಂದು ಹನಿಯೂ ಉಳಿಯುವುದಿಲ್ಲ. ಗ್ರೀಸಿನ ಕಾಸ್ಟೆಲೊರಿಝೊ ದ್ವೀಪದಿಂದ ಟರ್ಕಿ ತೀರಕ್ಕೆ ಬರೀ 2 ಕಿಲೋಮೀಟರ್ ಚಿಲ್ಲರೆ. ಅಲೆಗಾಳಿ, ನೀವು ಹೋಗುವ ಕೊನೆ ಭಾಗ ಅದೇ ಕಡೆ ಅಲ್ವಾ? ಅಲ್ಲಿ ಒಂದು ದೇಶದಿಂದ ಹೊರಗೆ ಹೋದ ಮುದ್ರೆ ಹಾಕಿಸದೆ ಇನ್ನೊಂದು ದೇಶದಲ್ಲಿ ಲಂಗರು ಹಾಕಿದರೆ ಅದೇ ಒಂದು ಕೇಸು.

ಇನ್ನೊಂದು ಮುಖ್ಯ ವಿಷಯ. ಪ್ಲಾಟರ್ (ಜಿಪಿಎಸ್ ನಕ್ಷೆ ತೋರಿಸುವ ಸಾಧನ) ಪರದೆ ಮೇಲೆ ಕಾಣುವ ಗೆರೆಯನ್ನು ಎಲ್ಲ ದೇಶಗಳೂ ಒಪ್ಪಿವೆ ಅಂದುಕೊಳ್ಳಬೇಡಿ. 2007ರಲ್ಲಿ ಇರಾಕ್-ಇರಾನ್ ಗಡಿಯ ಶತ್ ಅಲ್ ಅರಬ್ ನದಿ ಬಾಯಿಯ ಹತ್ತಿರ ಬ್ರಿಟನ್ನಿನ 15 ನೌಕಾ ಸಿಬ್ಬಂದಿಯನ್ನು ಇರಾನ್ ಹಿಡಿದಾಗ, ಅದು ಯಾರ ನೀರು ಅಂತಲೇ ಎರಡೂ ಕಡೆಯವರು ಜಗಳ ಆಡಿದರು. 2016ರ ಜನವರಿಯಲ್ಲಿ ಅಮೆರಿಕ ನೌಕಾಪಡೆಯ ಎರಡು ದೋಣಿಗಳು ಇರಾನಿನ ಫಾರ್ಸಿ ದ್ವೀಪದ ಹತ್ತಿರ ದಾರಿ ತಪ್ಪಿ 10 ಜನ ಸಿಕ್ಕಿಬಿದ್ದರು. ಅಷ್ಟು ಸಲಕರಣೆ ಇದ್ದವರಿಗೇ ಹೀಗಾಯಿತು.

ಜಿಪಿಎಸ್ ಕಥೆಯನ್ನೂ ಕೇಳಿ. 2017ರಲ್ಲಿ ಕಪ್ಪು ಸಮುದ್ರದ ನೊವೊರೊಸಿಸ್ಕ್ ಹತ್ತಿರ ಇದ್ದ ಹಡಗುಗಳಿಗೆ, ನೀವು ನೆಲದ ಮೇಲಿನ ವಿಮಾನ ನಿಲ್ದಾಣದಲ್ಲಿ ಇದ್ದೀರಿ ಅಂತ ಜಿಪಿಎಸ್ ತೋರಿಸಿತು. ಯಾರೋ ಸುಳ್ಳು ಸಿಗ್ನಲ್ ಬಿಟ್ಟಿದ್ದರು. ಆಮೇಲೆ ಇದು ಪೂರ್ವ ಮೆಡಿಟರೇನಿಯನ್ ಸಮುದ್ರ, ಪರ್ಷಿಯನ್ ಕೊಲ್ಲಿಯಲ್ಲೂ ಜಾಸ್ತಿ ಆಗಿದೆ. ವಿಮಾನ ನಿಲ್ದಾಣ ತೋರಿಸಿದರೆ ಗೊತ್ತಾಗುತ್ತದೆ, ಸರಿ. ಮೂರು ಮೈಲಿ ಪಕ್ಕಕ್ಕೆ ತೋರಿಸಿದರೆ? ಗೊತ್ತೇ ಆಗುವುದಿಲ್ಲ. ಅದಕ್ಕೇ ಕಾಗದದ ಚಾರ್ಟ್ ಇಟ್ಟುಕೊಳ್ಳಿ. ಗಂಟೆಗೊಮ್ಮೆ ಪೆನ್ಸಿಲ್‌ನಲ್ಲಿ ಸಮಯ, ದಿಕ್ಕು, ವೇಗ, ನೀರಿನ ಆಳ ಬರೆಯಿರಿ. ಕಾಣುವ ಬೆಟ್ಟವನ್ನೋ ದೀಪಸ್ತಂಭವನ್ನೋ ಕಂಪಾಸ್‌ನಲ್ಲಿ ಹಿಡಿದು ಗೆರೆ ಎಳೆಯಿರಿ. ಪ್ಲಾಟರ್ ಹೇಳುವ ಜಾಗದಲ್ಲಿ ಚಾರ್ಟಿನ ಪ್ರಕಾರ 80 ಮೀಟರ್ ಆಳ ಇರಬೇಕು, ನಿಮ್ಮ ಎಕೋ ಸೌಂಡರ್ 30 ತೋರಿಸುತ್ತಿದೆ ಅಂದರೆ ಅಲ್ಲೇ ಎಚ್ಚೆತ್ತುಕೊಳ್ಳಿ.

ಕಾನೂನು ಕಿಟಕಿ:
ಆ ಪೆನ್ಸಿಲ್ ಲಾಗ್ ಬಗ್ಗೆ ನಾನೂ ಒತ್ತಿ ಹೇಳುತ್ತೇನೆ. ಅದು ದಾರಿ ಹುಡುಕಲು ಮಾತ್ರ ಅಲ್ಲ, ನಾಳೆ ಅದೇ ನಿಮ್ಮ ಸಾಕ್ಷಿ. "02:40, ಎಂಜಿನ್ ನಿಂತಿತು, ಗಾಳಿ ಇಲ್ಲ, ತುರ್ತು ರೇಡಿಯೋ ಚಾನೆಲ್ 16ರಲ್ಲಿ ಕರೆದೆವು" ಅಂತ ಆ ಹೊತ್ತಿಗೇ ಬರೆದ ಸಾಲು, ಆಮೇಲೆ ಬಾಯಲ್ಲಿ ಹೇಳುವ ಹತ್ತು ಮಾತಿಗಿಂತ ತೂಕದ್ದು.

ಈಗ ಕಾನೂನು. 1982ರ ವಿಶ್ವಸಂಸ್ಥೆ ಸಮುದ್ರ ಕಾನೂನು ಒಪ್ಪಂದ ಜಾರಿಗೆ ಬಂದದ್ದು 1994ರಲ್ಲಿ. ಅದರ 17ನೇ ವಿಧಿ ಪ್ರಕಾರ ಯಾವ ದೇಶದ ಹಡಗಿಗಾದರೂ ಇನ್ನೊಂದು ದೇಶದ ಪ್ರಾದೇಶಿಕ ಸಮುದ್ರದ ಮೂಲಕ ನಿರುಪದ್ರವಿಯಾಗಿ ದಾಟಿ ಹೋಗುವ ಹಕ್ಕಿದೆ. ಹಾಯಿದೋಣಿಗೂ ಇದೆ. ಆದರೆ ನಿಲ್ಲದೆ, ತಡಮಾಡದೆ ಹೋಗಬೇಕು. ಲಂಗರು ಹಾಕಿ ಈಜುವುದು, ಊಟಕ್ಕೆ ನಿಲ್ಲಿಸುವುದು ಇದರಲ್ಲಿ ಬರುವುದಿಲ್ಲ. ಮಾಮೂಲಿ ಸಂಚಾರಕ್ಕೆ ಅಗತ್ಯವಾದರೆ, ಅಪಾಯದಲ್ಲಿ ಇದ್ದರೆ ಅಥವಾ ಅಪಾಯದಲ್ಲಿ ಇರುವವರಿಗೆ ನೆರವಾಗಲು ಮಾತ್ರ ನಿಲ್ಲಬಹುದು.

19ನೇ ವಿಧಿಯಲ್ಲಿ ಯಾವುದೆಲ್ಲ ನಿರುಪದ್ರವಿ ಅಲ್ಲ ಅಂತ ಪಟ್ಟಿ ಇದೆ. ಮೀನು ಹಿಡಿಯುವುದು, ಸಂಶೋಧನೆ ಅಥವಾ ಸಮೀಕ್ಷೆ, ಹಡಗಿನಿಂದ ವಿಮಾನ ಹಾರಿಸುವುದು ಎಲ್ಲ ಅದರಲ್ಲಿದೆ. ಈಗಿನ ಹಾಯಿದೋಣಿಗಳಲ್ಲಿ ಡ್ರೋನ್ ಇಲ್ಲದ ದೋಣಿಯೇ ಕಡಿಮೆ. ವಿಡಿಯೋಗೆ ಅಂತ ನೀವು ಹಾರಿಸಿದ ಡ್ರೋನ್ ಗಸ್ತು ದೋಣಿಯವರ ಕಣ್ಣಿಗೆ ಬೇಹುಗಾರಿಕೆ. ಸಮುದ್ರದ ಆಳ ದಾಖಲಿಸಿ ಆ್ಯಪ್‌ಗೆ ಕಳಿಸುವ ಸೋನಾರ್‌ಗಳೂ ಹಾಗೇ. ಗಲಾಟೆ ಇರುವ ನೀರಿನಲ್ಲಿ ಎರಡನ್ನೂ ಆಫ್ ಮಾಡಿ, ಡ್ರೋನ್ ಬ್ಯಾಟರಿ ತೆಗೆದು ಡಬ್ಬಿಯಲ್ಲಿಡಿ.

ಒಂದು ಮಾತು ನೆನಪಿರಲಿ: 25ನೇ ವಿಧಿ ಪ್ರಕಾರ ಭದ್ರತೆಯ ಕಾರಣಕ್ಕೆ ಕರಾವಳಿ ದೇಶ ತನ್ನ ನೀರಿನ ಕೆಲವು ಭಾಗದಲ್ಲಿ ಈ ಹಕ್ಕನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು. ಆ ಸೂಚನೆ ನಾವಿಕರಿಗೆ ರೇಡಿಯೋದಲ್ಲಿ ಬರುವ ಎಚ್ಚರಿಕೆಗಳಲ್ಲಿ, ಅಂದರೆ ನಾವ್‌ಟೆಕ್ಸ್‌ನಲ್ಲೋ ನ್ಯಾವೇರಿಯಾ ಎಚ್ಚರಿಕೆಯಲ್ಲೋ ಬರುತ್ತದೆ. ಓದಿಲ್ಲ ಅಂದರೆ ಯಾರೂ ಕೇಳುವುದಿಲ್ಲ. ಇರಾನ್ ಈ ಒಪ್ಪಂದಕ್ಕೆ ಸಹಿ ಹಾಕಿದೆ, ಆದರೆ ಅನುಮೋದಿಸಿಲ್ಲ, ಅಮೆರಿಕ ಸೇರಿಯೇ ಇಲ್ಲ. ಪುಸ್ತಕ ತೆರೆದು ವಿಧಿ ತೋರಿಸಿದ ಕೂಡಲೇ ಬಿಟ್ಟುಬಿಡುತ್ತಾರೆ ಅಂದುಕೊಳ್ಳಬೇಡಿ.

ತೆರೆಗಡಲು:
ನೀವೆಲ್ಲ ಸುಮ್ನೆ ಹೆದರಿಸುತ್ತಿದ್ದೀರಿ ಅನಿಸುತ್ತದೆ. ತೀರದಿಂದ ದೂರ, ತೆರೆದ ಸಮುದ್ರದಲ್ಲಿ ಹೋದರೆ ಅದು ಎಲ್ಲರದ್ದು. ಅಲ್ಲಿ ಯಾವ ದೇಶಕ್ಕೂ ನಿಮ್ಮನ್ನು ತಡೆಯುವ ಹಕ್ಕಿಲ್ಲ. ಎಲ್ಲರೂ ಹೆದರಿ ಹೋಗುವುದನ್ನೇ ಬಿಟ್ಟರೆ ನಾಳೆ ಆ ಹಕ್ಕೇ ಉಳಿಯುವುದಿಲ್ಲ. ಗಾಝಾಗೆ ಸಾಮಗ್ರಿ ಒಯ್ದ ದೋಣಿಯವರು ಹೆದರಿದರಾ?

ಕಾನೂನು ಕಿಟಕಿ:
ತೆರೆಗಡಲು ಅವರೇ, ಹಕ್ಕು ಇದೆ ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ಅದನ್ನು ಬಳಸದೆ ಬಿಟ್ಟರೆ ಸವೆಯುತ್ತದೆ ಅನ್ನುವ ಕಾಳಜಿಯೂ ಸರಿ. ಆದರೆ ಹಕ್ಕು ಸಾಬೀತಾಗುವ ಹೊತ್ತಿಗೆ ನೀವು ಎಲ್ಲಿರುತ್ತೀರಿ ಅನ್ನುವುದು ಬೇರೆ ಪ್ರಶ್ನೆ.

'ಆರ್ಕ್ಟಿಕ್ ಸನ್‌ರೈಸ್' ಪ್ರಕರಣ ನೋಡಿ. ಗ್ರೀನ್‌ಪೀಸ್ ಹಡಗು, ನೆದರ್‌ಲೆಂಡ್ಸ್ ಧ್ವಜ. 2013ರ ಸೆಪ್ಟೆಂಬರಿನಲ್ಲಿ ರಷ್ಯಾದ ತೈಲ ವೇದಿಕೆಯ ಹತ್ತಿರ ಪ್ರತಿಭಟನೆ ಮಾಡಿತು. ಆ ಜಾಗ ಪ್ರಾದೇಶಿಕ ಸಮುದ್ರದ ಆಚೆ ಇತ್ತು. ಆದರೂ ರಷ್ಯಾ ಹಡಗನ್ನೂ 30 ಜನರನ್ನೂ ಹಿಡಿಯಿತು, ಮೊದಲು ಹೊರಿಸಿದ್ದೇ ಕಡಲ್ಗಳ್ಳತನದ ಆರೋಪ. ಅಂತಾರಾಷ್ಟ್ರೀಯ ಸಮುದ್ರ ಕಾನೂನು ನ್ಯಾಯಮಂಡಳಿ ನವೆಂಬರಿನಲ್ಲಿ 36 ಲಕ್ಷ ಯೂರೋ ಭದ್ರತೆ ಪಡೆದು ಬಿಡಿ ಅಂತ ಆದೇಶ ಕೊಟ್ಟಿತು. ರಷ್ಯಾ ಆ ವಿಚಾರಣೆಗೇ ಹೋಗಲಿಲ್ಲ. ಜನ ಮನೆಗೆ ಹೋದದ್ದು ಡಿಸೆಂಬರಿನ ಕ್ಷಮಾದಾನದ ನಂತರ. ರಷ್ಯಾ ಮಾಡಿದ್ದು ತಪ್ಪು ಅಂತ ಮಧ್ಯಸ್ಥಿಕೆ ಮಂಡಳಿ ತೀರ್ಪು ಕೊಟ್ಟದ್ದು 2015ರಲ್ಲಿ. ಬೆನ್ನಿಗೆ ಒಂದು ದೇಶ, ದೊಡ್ಡ ಸಂಸ್ಥೆ, ವಕೀಲರ ಪಡೆ ಎಲ್ಲ ಇದ್ದವರಿಗೆ ಇಷ್ಟು ಕಾಲ ಹಿಡಿಯಿತು.

ಗಾಝಾ ದೋಣಿಗಳ ವಿಷಯ. ಅಲ್ಲಿ ಇಸ್ರೇಲ್ 2009ರಿಂದ ನೌಕಾ ದಿಗ್ಬಂಧನ ಘೋಷಿಸಿದೆ. ಅದು ಕಾನೂನುಬದ್ಧವೇ ಅನ್ನುವುದರ ಬಗ್ಗೆ ವಿಶ್ವಸಂಸ್ಥೆಯ ಒಳಗೇ ಬೇರೆ ಬೇರೆ ವರದಿಗಳು ಬೇರೆ ಬೇರೆ ಹೇಳಿವೆ. 2010ರ ಮೇ 31ರಂದು 'ಮಾವಿ ಮರ್ಮರಾ' ಹಡಗನ್ನು ತಡೆದಾಗ 9 ಜನ ಸತ್ತರು, ಗಾಯಗೊಂಡಿದ್ದ ಇನ್ನೊಬ್ಬರು 2014ರಲ್ಲಿ ತೀರಿಕೊಂಡರು. 2025ರ ಜೂನಿನಲ್ಲಿ ಬ್ರಿಟಿಷ್ ಧ್ವಜದ 'ಮ್ಯಾಡ್ಲೀನ್' ಅನ್ನು ತೆರೆದ ಸಮುದ್ರದಲ್ಲೇ ತಡೆದರು. ದಿಗ್ಬಂಧನ ಮುರಿಯಲು ಹೊರಟಿದೆ ಅನ್ನುವ ಹಡಗನ್ನು ಹೊರಗಡೆಯೇ ಹಿಡಿಯಬಹುದು ಅನ್ನುವುದು ಯುದ್ಧ ಕಾನೂನಿನ ಒಂದು ಹಳೆಯ ವಾದ. ಆ ದೋಣಿಗಳಿಗೆ ಹತ್ತಿದವರು ಬಂಧನ ಆಗಬಹುದು ಅಂತ ಗೊತ್ತಿದ್ದು, ತಯಾರಾಗಿ ಹತ್ತಿದವರು. ಅವರ ಧೈರ್ಯವನ್ನು ನಾನು ಕಡಿಮೆ ಮಾಡುತ್ತಿಲ್ಲ. ಅಲೆಗಾಳಿ ಹೊರಟಿರುವುದು ಒಂದು ದೋಣಿಯನ್ನು ತಲುಪಿಸುವುದಕ್ಕೆ. ಅವರು ಹೊರುವ ಅಪಾಯಕ್ಕೂ ಆ ಕೆಲಸಕ್ಕೂ ಹೊಂದಿಕೆ ಇರಬೇಕು.

ತೆರೆಗಡಲು:
ಸರಿ, ಗಾಝಾ ಮಾತು ಇಲ್ಲಿ ಹೊಂದುವುದಿಲ್ಲ, ಒಪ್ಪಿದೆ. ಆದರೆ ತೆರೆದ ಸಮುದ್ರದಲ್ಲಿ ಯುದ್ಧನೌಕೆ ನಮ್ಮ ದೋಣಿ ಹತ್ತಬಾರದು ಅನ್ನುವುದು ಸರಿ ತಾನೆ?

ಕಾನೂನು ಕಿಟಕಿ:
ಮಾಮೂಲಿಯಾಗಿ ಹತ್ತುವಂತಿಲ್ಲ. ಆದರೆ 110ನೇ ವಿಧಿಯಲ್ಲಿ ವಿನಾಯಿತಿಗಳಿವೆ. ಕಡಲ್ಗಳ್ಳತನ, ಗುಲಾಮರ ಸಾಗಣೆ, ಹಾಗೇ ದೋಣಿಗೆ ಯಾವ ದೇಶವೂ ಇಲ್ಲ ಅನ್ನುವ ಗುಮಾನಿ. ಈ ಕೊನೆಯದ್ದು ನಿಮಗೆ ಮುಖ್ಯ. ಕೈ ಬದಲಾದ ದೋಣಿಯ ಹಳೆ ನೋಂದಣಿ ರದ್ದಾಗಿ, ಹೊಸದು ಇನ್ನೂ ಆಗಿಲ್ಲ ಅಂದರೆ ಅದು ಯಾವ ದೇಶದ್ದೂ ಅಲ್ಲದ ದೋಣಿ. ಅಲೆಗಾಳಿ, ಹೊಸ ಮಾಲೀಕರ ಹೆಸರಿನಲ್ಲಿ ನೋಂದಣಿ ಪತ್ರದ ಅಸಲು ದೋಣಿಯಲ್ಲಿ ಇರಲೇಬೇಕು. "ಇವರು ನನ್ನ ಪರವಾಗಿ ದೋಣಿ ಒಯ್ಯುತ್ತಿದ್ದಾರೆ" ಅನ್ನುವ ಮಾಲೀಕರ ಸಹಿ ಇರುವ ಅಧಿಕಾರ ಪತ್ರವೂ ಬೇಕು. ಅದಿಲ್ಲದಿದ್ದರೆ ದೋಣಿ ಕದ್ದುಕೊಂಡು ಹೋಗುತ್ತಿದ್ದೀರಿ ಅಂತಲೂ ಹೇಳಬಹುದು.

ದಕ್ಷಿಣ ಚೀನಾ ಸಮುದ್ರದ ಕಡೆ ಹೋಗುವವರು ಯಾರಾದರೂ ಇದನ್ನು ಓದುತ್ತಿದ್ದರೆ: 2024ರ ಜೂನ್ 15ರಿಂದ ಚೀನಾ ಕರಾವಳಿ ಕಾವಲು ಪಡೆಗೆ ಹೊಸ ನಿಯಮ ಬಂದಿದೆ. ತಮ್ಮ ನೀರಿಗೆ ಅಕ್ರಮವಾಗಿ ಬಂದರು ಅಂತ ಅನುಮಾನ ಇರುವ ವಿದೇಶಿಯರನ್ನು 30 ದಿನ, ಪ್ರಕರಣ ಜಟಿಲ ಆಗಿದ್ದರೆ 60 ದಿನ ಇಟ್ಟುಕೊಳ್ಳಬಹುದು. ಫಿಲಿಪ್ಪೀನ್ಸ್ ಹಾಕಿದ ಕೇಸಿನಲ್ಲಿ ಚೀನಾದ ಹಕ್ಕುಗಳ ವಿರುದ್ಧ 2016ರಲ್ಲಿ ಬಂದ ಮಧ್ಯಸ್ಥಿಕೆ ತೀರ್ಪನ್ನು ಚೀನಾ ಒಪ್ಪಿಲ್ಲ. ಹಾಗಾಗಿ "ತಮ್ಮ ನೀರು" ಎಲ್ಲಿಯವರೆಗೆ ಅನ್ನುವುದನ್ನು ಅಲ್ಲಿ ಅವರೇ ತೀರ್ಮಾನಿಸುತ್ತಾರೆ.

ಅಲೆಗಾಳಿ:
ನೋಂದಣಿ ವಿಷಯ ನನಗೆ ಹೊಳೆದೇ ಇರಲಿಲ್ಲ, ಇವತ್ತೇ ಕೇಳುತ್ತೇನೆ. ಎರಡು ಪ್ರಶ್ನೆ. ಆತ್ಮರಕ್ಷಣೆಗೆ ಬಂದೂಕು ಇಟ್ಟುಕೊಂಡರೆ ಹೇಗೆ ಅಂತ ಮೂರನೆಯವರು ಕೇಳುತ್ತಿದ್ದಾರೆ. ಎಐಎಸ್ (ದೋಣಿಯ ಹೆಸರು, ಜಾಗವನ್ನು ಸುತ್ತಲಿನವರಿಗೆ ರೇಡಿಯೋದಲ್ಲಿ ತಿಳಿಸುವ ಸಾಧನ) ಆನ್ ಇಡಬೇಕಾ, ಆಫ್ ಮಾಡಬೇಕಾ?

ಹಳೇ ನಾವಿಕ:
ಬಂದೂಕು ಬೇಡ. ಖಂಡಿತ ಬೇಡ. ನಾಲ್ಕು ಸ್ಕಿಫ್‌ಗಳಲ್ಲಿ (ಪುಟ್ಟ ವೇಗದ ದೋಣಿಗಳಲ್ಲಿ) ಬರುವವರ ಮುಂದೆ ಒಂದು ಬಂದೂಕಿನಿಂದ ಏನೂ ಆಗುವುದಿಲ್ಲ. ಬಂದರಿಗೆ ಹೋದಾಗ ಮಾತ್ರ ಅದು ಕೊರಳಿಗೆ ಸುತ್ತಿಕೊಳ್ಳುತ್ತದೆ. 'ಸೀಮನ್ ಗಾರ್ಡ್ ಒಹಾಯೋ' ನೆನಪಿದೆಯಾ? ಕಡಲ್ಗಳ್ಳರಿಂದ ಹಡಗುಗಳನ್ನು ಕಾಯುವ ಕಂಪನಿಯ ಹಡಗು. 2013ರ ಅಕ್ಟೋಬರಿನಲ್ಲಿ ಭಾರತದ ಕರಾವಳಿ ಕಾವಲು ಪಡೆ ಹಿಡಿದು ತೂತ್ತುಕುಡಿಗೆ ತಂದಿತು. ಆಯುಧಗಳ ಕಾರಣಕ್ಕೆ 35 ಜನರ ಮೇಲೆ ಕೇಸು. 2016ರಲ್ಲಿ ಐದು ವರ್ಷ ಶಿಕ್ಷೆ ಆಯಿತು. 2017ರ ನವೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಎಲ್ಲರನ್ನೂ ಬಿಟ್ಟಿತು. ನಿರ್ದೋಷಿ ಅನಿಸಿಕೊಳ್ಳಲು ನಾಲ್ಕು ವರ್ಷ! ಮನೆಯವರ ಪಾಡು ಏನಾಗಿರಬೇಕು ಯೋಚಿಸಿ.

ಭಾರತದ ನೀರಿನಲ್ಲಿ ಸ್ಯಾಟಲೈಟ್ ಫೋನ್ ಬಗ್ಗೆಯೂ ಎಚ್ಚರ. ಥುರಾಯಾ, ಇರಿಡಿಯಂ ಫೋನುಗಳನ್ನು ಅನುಮತಿ ಇಲ್ಲದೆ ಬಳಸುವುದು ಅಪರಾಧ. ವಿದೇಶಿ ಪ್ರವಾಸಿಗಳನ್ನೂ ಹಿಡಿದಿದ್ದಾರೆ. ಯಾವ ದೇಶದ ಬಂದರಿಗೆ ಹೋದರೂ ಇಂಥ ಸಲಕರಣೆಯನ್ನು ಮೊದಲೇ ಪಟ್ಟಿ ಮಾಡಿ ಘೋಷಿಸಿ.

ಎಐಎಸ್ ಬಗ್ಗೆ ನಾವಿಕರಲ್ಲೇ ಒಮ್ಮತ ಇಲ್ಲ. ಸರ್ಕಾರಿ ಗಸ್ತು ಇರುವ ಕಡೆ, ಹಡಗು ಸಾಲು ದಟ್ಟ ಇರುವ ಕಡೆ ಆನ್ ಇರಲಿ. ಆಫ್ ಮಾಡಿದರೆ ಏನೋ ಮುಚ್ಚಿಡುತ್ತಿದ್ದೀರಿ ಅನ್ನುತ್ತಾರೆ. ಕಡಲ್ಗಳ್ಳರ ಕಾಟ ಇರುವ ಕಡೆ ಆಫ್ ಮಾಡುವ ಸ್ಕಿಪ್ಪರ್‌ಗಳಿದ್ದಾರೆ. ನಾನು ಹಡಗಿನ ಬ್ರಿಡ್ಜ್ ಮೇಲೆ ನಿಂತು ನೋಡಿದವನು. ಫೈಬರ್ ದೋಣಿ ರೇಡಾರ್‌ನಲ್ಲಿ ಕಾಣುವುದೇ ಕಷ್ಟ, ಅಲೆಯ ಚುಕ್ಕೆಗಳ ನಡುವೆ ಕಳೆದುಹೋಗುತ್ತದೆ. ಎಐಎಸ್ ಇದ್ದರೆ ಹೆಸರು ಸಮೇತ ಕಾಣುತ್ತದೆ. ಹಾಗಾಗಿ ನನ್ನ ಮನಸ್ಸು ಆನ್ ಕಡೆಗೇ.

ಇದಕ್ಕೆ ಇನ್ನೊಂದು ಕಾರಣ ಇದೆ, ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನಿಮ್ಮನ್ನೇ ಶತ್ರು ಅಂದುಕೊಂಡು ಹೊಡೆಯಬಹುದು. 2012ರ ಫೆಬ್ರವರಿಯಲ್ಲಿ ಕೇರಳದ ಆಚೆ 'ಎನ್ರಿಕಾ ಲೆಕ್ಸಿ' ಹಡಗಿನಲ್ಲಿದ್ದ ಇಟಲಿಯ ಸೈನಿಕರು ಕಡಲ್ಗಳ್ಳರು ಅಂದುಕೊಂಡು ಇಬ್ಬರು ಮೀನುಗಾರರನ್ನು ಕೊಂದರು. ಅದೇ ವರ್ಷ ಜುಲೈನಲ್ಲಿ ದುಬೈ ಆಚೆ ಅಮೆರಿಕದ ನೌಕೆಯಿಂದ ಗುಂಡು ಹಾರಿ ಒಬ್ಬ ಭಾರತೀಯ ಮೀನುಗಾರ ಸತ್ತ. ಇದು ಆಗಿನ ಮಾತು. ಈಗ ಕೆಂಪು ಸಮುದ್ರದಲ್ಲಿ ಸ್ಫೋಟಕ ತುಂಬಿದ, ಜನರಿಲ್ಲದ ದೋಣಿಗಳು ಬಂದಿವೆ. 2024ರ ಜೂನಿನಲ್ಲಿ 'ಟ್ಯೂಟರ್' ಅನ್ನುವ ಸರಕು ಹಡಗಿಗೆ ಅಂಥದ್ದೇ ದೋಣಿ ಬಡಿದು ಆ ಹಡಗು ಮುಳುಗಿತು. ಕಾವಲಿನಲ್ಲಿ ಇರುವವನ ಕಣ್ಣಿಗೆ ರಾತ್ರಿ ಹೊತ್ತು ಹತ್ತಿರ ಬರುವ ಯಾವ ಚಿಕ್ಕ ದೋಣಿಯೂ ಅಪಾಯವೇ. ದೊಡ್ಡ ಹಡಗಿನ ಕಡೆ ನೇರ ಮೂತಿ ಇಟ್ಟು ಹೋಗಬೇಡಿ. ದೂರದಲ್ಲೇ ಚಾನೆಲ್ 16ರಲ್ಲಿ ಕರೆದು, ನಾವು ಹಾಯಿದೋಣಿ, ಮೂರು ಜನ, ನಿಮ್ಮ ಹಿಂದಿನಿಂದ ಹಾದುಹೋಗುತ್ತೇವೆ ಅಂತ ಹೇಳಿ. ಹಾಯಿ ಮೇಲೆ ಬೆಳಕು ಬಿಡಿ. ಗಸ್ತು ದೋಣಿ ನಿಲ್ಲಿ ಅಂದರೆ ನಿಲ್ಲಿ. ಕೈಗಳು ಕಾಣುವ ಹಾಗೆ ಇರಲಿ, ಕ್ಯಾಮೆರಾ ಹಿಡಿಯಬೇಡಿ, ಒಬ್ಬರೇ ಮಾತಾಡಿ.

ಕ್ಲೇಮು ನೋಡುವವಳು:
ನಾನು ಸಮುದ್ರ ವಿಮೆಯ ಕ್ಲೇಮು ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಇನ್ಶೂರೆನ್ಸ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪಾಲಿಸಿಯ ಮೊದಲ ಪುಟ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಹೊರಗಿಟ್ಟ ಅಪಾಯಗಳ ಪಟ್ಟಿ ಇರುವ ಪುಟಕ್ಕೆ ಹೋಗಿ. ಯುದ್ಧ, ವಶಪಡಿಸಿಕೊಳ್ಳುವುದು, ಬಂಧನ, ತಡೆದಿಡುವುದು, ಬಿಟ್ಟುಹೋದ ಮೈನ್: ಹಾಯಿದೋಣಿಗಳ ಮಾಮೂಲಿ ಪಾಲಿಸಿಯಲ್ಲಿ ಇವೆಲ್ಲ ಹೊರಗೆ. ಅಂದರೆ ನೀವು ಯಾವುದಕ್ಕೆ ಹೆದರುತ್ತಿದ್ದೀರೋ ಅದಕ್ಕೇ ಹಣ ಬರುವುದಿಲ್ಲ. ಇನ್ನೊಂದು, ದೋಣಿ ಯಾವ ಸಮುದ್ರದಲ್ಲಿ ಓಡಾಡಬಹುದು ಅನ್ನುವ ಮಿತಿಯೂ ಪಾಲಿಸಿಯಲ್ಲಿ ಇರುತ್ತದೆ. ಆ ಗಡಿ ದಾಟಿದರೆ ಸುಮ್ಮನೆ ಬಂಡೆಗೆ ತಾಗಿ ಒಡೆದರೂ ಕ್ಲೇಮು ನಿಲ್ಲುವುದು ಕಷ್ಟ.

ಯುದ್ಧ ಅಪಾಯದ ವಿಮೆ ಬೇರೆಯಾಗಿ ಸಿಗುತ್ತದೆ. ಲಂಡನ್ನಿನ ವಿಮೆದಾರರ ಜಾಯಿಂಟ್ ವಾರ್ ಕಮಿಟಿ ಅಪಾಯದ ಪ್ರದೇಶಗಳ ಪಟ್ಟಿ ಮಾಡುತ್ತದೆ, ಕೆಂಪು ಸಮುದ್ರದ ದಕ್ಷಿಣ ಭಾಗ ಅದರಲ್ಲಿದೆ. ಅಲ್ಲಿಗೆ ಹೋಗುವ ಮುಂಚೆ ತಿಳಿಸಿ, ಜಾಸ್ತಿ ಹಣ ಕಟ್ಟಬೇಕು. ಅಷ್ಟಾದರೂ ಪರಿಸ್ಥಿತಿ ಕೆಟ್ಟರೆ ಏಳು ದಿನದ, ಕೆಲವೊಮ್ಮೆ ಅದಕ್ಕಿಂತ ಕಡಿಮೆ ನೋಟಿಸ್ ಕೊಟ್ಟು ವಿಮೆ ಹಿಂದಕ್ಕೆ ತೆಗೆದುಕೊಳ್ಳಬಹುದು. ನೀವು ಆಗ ನಡುಸಮುದ್ರದಲ್ಲಿ ಇರುತ್ತೀರಿ. ಚಿಕ್ಕ ದೋಣಿಗೆ ಇಂಥ ವಿಮೆ ಕೊಡಲು ಒಪ್ಪುವವರೇ ಕಡಿಮೆ.

ಮುಚ್ಚಿದ ಬಂದರುಗಳ ವಿಷಯವೂ ಸೇರಿಸುತ್ತೇನೆ, ಅಲ್ಲೂ ಜನ ಸಿಕ್ಕಿಬೀಳುತ್ತಾರೆ. ಟರ್ಕಿಯ ಹಿಡಿತದಲ್ಲಿರುವ ಉತ್ತರ ಸೈಪ್ರಸ್‌ನ ಕೈರೇನಿಯಾ, ಫಮಗುಸ್ಟಾ ಬಂದರುಗಳು ಮುಚ್ಚಿವೆ ಅಂತ ಸೈಪ್ರಸ್ ಗಣರಾಜ್ಯ 1974ರಲ್ಲೇ ಘೋಷಿಸಿದೆ. ಟರ್ಕಿಯಿಂದ ನೋಡಿದರೆ ಹತ್ತಿರ, ಚೆಂದದ ಬಂದರು, ಹೋಗಿಬಿಡೋಣ ಅನಿಸುತ್ತದೆ. ಆಮೇಲೆ ದಕ್ಷಿಣಕ್ಕೆ ಹೋದರೆ ಅಕ್ರಮ ಪ್ರವೇಶದ ಕೇಸು. ರಷ್ಯಾದ ಹಿಡಿತದಲ್ಲಿರುವ ಕ್ರೈಮಿಯಾದ ಬಂದರುಗಳೂ ಮುಚ್ಚಿವೆ ಅಂತ ಉಕ್ರೇನ್ 2014ರಲ್ಲಿ ಘೋಷಿಸಿದೆ.

ಅಲೆಗಾಳಿ:
ಎಲ್ಲರಿಗೂ ತುಂಬಾ ಧನ್ಯವಾದ. ಮಾಲೀಕರಿಗೆ ಇದನ್ನೆಲ್ಲ ತೋರಿಸಿದೆ. ಹೊಸ ನೋಂದಣಿ ಇನ್ನೂ ಆಗಿಲ್ಲವಂತೆ! ವಿಮೆಯಲ್ಲಿ ಕೆಂಪು ಸಮುದ್ರ ಇಲ್ಲ. ಆದರೂ "2009ರ ಕಥೆಗಳೆಲ್ಲ ಹಳೆಯವು, ಈಗ ಶಾಂತ ಆಗಿದೆ, ಅಪಾಯದ ವಲಯವನ್ನೇ ತೆಗೆದಿದ್ದಾರೆ" ಅನ್ನುತ್ತಾರೆ.

ಹಳೇ ನಾವಿಕ:
ಹಡಗು ಉದ್ಯಮದವರು ಹಿಂದೂ ಮಹಾಸಾಗರದ 'ಹೈ ರಿಸ್ಕ್ ಏರಿಯಾ' ಅನ್ನುವ ಗುರುತನ್ನು 2023ರ ಜನವರಿ 1ರಂದು ತೆಗೆದದ್ದು ನಿಜ. ಅದೇ ವರ್ಷದ ನವೆಂಬರ್ 19ರಂದು ಯೆಮನ್ನಿನ ಹೂತಿ ಬಂಡುಕೋರರು ಹೆಲಿಕಾಪ್ಟರ್‌ನಲ್ಲಿ ಇಳಿದು 'ಗ್ಯಾಲಕ್ಸಿ ಲೀಡರ್' ಹಡಗನ್ನು ಹಿಡಿದರು. ಅದರ 25 ಜನ ಸಿಬ್ಬಂದಿ ಬಿಡುಗಡೆ ಆದದ್ದು 2025ರ ಜನವರಿಯಲ್ಲಿ. ಆ ಸಿಬ್ಬಂದಿಗೂ ಹೂತಿ-ಇಸ್ರೇಲ್ ಜಗಳಕ್ಕೂ ಏನು ಸಂಬಂಧ ಇತ್ತು ಹೇಳಿ? ಮನೆ ನಡೆಸಲು ದುಡಿಯಲು ಹೋದವರು. ಬಂದರಿನಲ್ಲಿ ಕೂತು ಕದನವಿರಾಮದ ಸುದ್ದಿ ಓದುವುದು ಸುಲಭ, ಬಾಬ್ ಎಲ್ ಮಂದೆಬ್ ದಾಟಲು ದಿನಗಟ್ಟಲೆ ಸಮುದ್ರದಲ್ಲಿ ಇರಬೇಕಾದವರು ನೀವು.

ಕ್ಲೇಮು ನೋಡುವವಳು:
ಅಲೆಗಾಳಿ, ನೋಂದಣಿ ಇಲ್ಲದ, ವಿಮೆ ಇಲ್ಲದ ದೋಣಿಗೆ ದಯವಿಟ್ಟು ಹತ್ತಬೇಡಿ. ಯಾವ ದಾರಿಯಲ್ಲಿ ಹೋದರೂ ಸರಿ. ದಾರಿ ಯಾವುದು, ವಿಮೆ ಎಲ್ಲೆಲ್ಲಿಗೆ ಇದೆ, ನೀವು ಸಿಕ್ಕಿಬಿದ್ದರೆ ವಕೀಲರ ಖರ್ಚು, ಮನೆಗೆ ಕರೆಸುವ ಖರ್ಚು ಯಾರದು, ಸ್ಕಿಪ್ಪರ್ ಬೇಡ ಅಂದ ಕಡೆ ಯಾರೂ ಒತ್ತಾಯ ಮಾಡುವುದಿಲ್ಲ, ಇಷ್ಟನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಅದರ ಒಂದು ಪ್ರತಿ ಮನೆಯಲ್ಲಿರಲಿ. ನಿಮ್ಮ ಪಾಸ್‌ಪೋರ್ಟ್ ಪ್ರತಿ, ಸಿಬ್ಬಂದಿ ಪಟ್ಟಿ, ಹತ್ತಿರದ ರಾಯಭಾರ ಕಚೇರಿಯ ನಂಬರ್ ಜೊತೆಗಿರಲಿ. ಹಿಡಿದರೆ ನಿಮ್ಮ ದೇಶದ ಕಾನ್ಸುಲ್‌ಗೆ ತಿಳಿಸಿ ಅಂತ ಕೇಳುವ ಹಕ್ಕು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿಯಲ್ಲಿದೆ. ಬಾಯಿಬಿಟ್ಟು ಕೇಳಿ, ಕೇಳಿದ ಹೊತ್ತು ನೆನಪಿಡಿ.

ಅಲೆಗಾಳಿ:
ಸ್ಕಿಪ್ಪರ್ ಜೊತೆ ಮಾತಾಡಿದೆ. ಅವರಿಗೂ ಕೆಂಪು ಸಮುದ್ರ ಮನಸ್ಸಿಲ್ಲ, ಹೇಳಲು ಹಿಂಜರಿಯುತ್ತಿದ್ದರಂತೆ. ಒಂದೋ ದೋಣಿಯನ್ನು ಸರಕು ಹಡಗಿನ ಮೇಲೆ ಹೇರಿ ಕಳಿಸುವುದು, ಇಲ್ಲವೇ ಗುಡ್ ಹೋಪ್ ಭೂಶಿರ ಸುತ್ತಿಕೊಂಡು ಹೋಗುವುದು. ಹಡಗಿನ ಬಾಡಿಗೆಗೆ ಮಾಲೀಕರು ಇನ್ನೂ ಒಪ್ಪಿಲ್ಲ. ಸುತ್ತಿಕೊಂಡು ಹೋಗುವುದಾದರೆ ಯಾವಾಗ ಹೊರಡಬೇಕು ಸರ್?

ಹಳೇ ನಾವಿಕ:
ಸ್ಕಿಪ್ಪರ್ ಬಾಯಿಬಿಟ್ಟದ್ದು ಕೇಳಿ ನಿಜಕ್ಕೂ ಸಂತೋಷ ಆಯಿತು. ದಕ್ಷಿಣ ಹಿಂದೂ ಮಹಾಸಾಗರವನ್ನು ಆಗ್ನೇಯ ಮಾರುತ ಇರುವ ಮೇಯಿಂದ ಅಕ್ಟೋಬರ್ ಒಳಗೆ ದಾಟಿ. ಚಂಡಮಾರುತದ ಕಾಲ ಶುರುವಾಗುವ ಮುಂಚೆ, ನವೆಂಬರ್ ಹೊತ್ತಿಗೆ ದಕ್ಷಿಣ ಆಫ್ರಿಕಾದ ರಿಚರ್ಡ್ಸ್ ಬೇ ಸೇರಿಕೊಳ್ಳಿ. ಅಲ್ಲಿಂದ ಕೆಳಗೆ ಅಗುಲ್ಹಾಸ್ ಸೆಳೆತ ನೈಋತ್ಯಕ್ಕೆ ಜೋರಾಗಿ ಹರಿಯುತ್ತದೆ. ಅದರ ಎದುರು ನೈಋತ್ಯದಿಂದ ಗಾಳಿ ಬಂದರೆ ಅಲೆಗಳು ಗೋಡೆಯ ಹಾಗೆ ಏಳುತ್ತವೆ, ದೊಡ್ಡ ಹಡಗುಗಳೇ ಮುರಿದಿವೆ. ಒಂದೇ ಸಲಕ್ಕೆ ಕೇಪ್‌ಟೌನ್ ತನಕ ಅಂತ ಹೊರಡಬೇಡಿ. ಹವಾಮಾನ ನೋಡಿ ಡರ್ಬನ್, ಈಸ್ಟ್ ಲಂಡನ್, ಪೋರ್ಟ್ ಎಲಿಜಬೆತ್ ಹೀಗೆ ಬಂದರಿನಿಂದ ಬಂದರಿಗೆ ಹೋಗಿ. ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಭೂಶಿರ ಸುತ್ತಿ. ಮೊದಲು ಆ ನೋಂದಣಿ ಕೆಲಸ ಮುಗಿಯಲಿ, ಅದಕ್ಕೇ ವಾರಗಟ್ಟಲೆ ಹಿಡಿಯಬಹುದು.